ಬಾಗಿಲು ತೆರೆದಿದ್ದರೂ ಓಡಿಹೋಗದವನು

"ಸರ್ಕಾರ ನಮಗೇನು ಮಾಡಿದೆ?" ಈ ಮಾತು ನಮ್ಮ ಬಿಳಿಚೋಡಿನ ಕಟ್ಟೆಯಲ್ಲೂ ಕೇಳುತ್ತೆ, ಬೆಂಗಳೂರಿನ ಆಫೀಸ್ ಕ್ಯಾಂಟೀನಿನಲ್ಲೂ ಕೇಳುತ್ತೆ. ಸುಮಾರು 2,400 ವರ್ಷದ ಹಿಂದೆ ಒಬ್ಬ ಮುದುಕ ಇದನ್ನೇ ತಿರುವಿಹಾಕಿ, ನಾನು ನನ್ನ ಊರಿಗೆ ಎಷ್ಟು ಋಣಿ ಅಂತ ಜೈಲಿನಲ್ಲಿ ಕೂತು ಲೆಕ್ಕ ಹಾಕಿದ. ಅವನೇ ಸಾಕ್ರೆಟಿಸ್.

ಕ್ರಿ.ಪೂ. 399ರಲ್ಲಿ ಅಥೆನ್ಸಿನ ಸುಮಾರು 500 ನಾಗರಿಕರ ನ್ಯಾಯಮಂಡಲಿ ಅವನಿಗೆ ಮರಣದಂಡನೆ ವಿಧಿಸಿತು. ಆಗ ಅವನಿಗೆ 70 ವರ್ಷ. ಗೆಳೆಯ ಕ್ರಿಟೋ ಬೆಳಗಾಗುವ ಮೊದಲೇ ಬಂದು, ದುಡ್ಡು ಸಿದ್ಧವಿದೆ, ಓಡಿಹೋಗೋಣ ಅಂದ. ಸಾಕ್ರೆಟಿಸ್ ಒಪ್ಪಲಿಲ್ಲ. ಈ ನೆಲದ ಕಾನೂನೇ ಎದುರು ಬಂದು ನಿಂತರೆ ಏನು ಕೇಳೀತು ಅಂತ ಯೋಚಿಸಿದ. ನೀನು ಹುಟ್ಟಿ ಬೆಳೆದು ಕಲಿತದ್ದು ನಮ್ಮ ಆಸರೆಯಲ್ಲಿ. ಬೇಡವಾಗಿದ್ದರೆ ಗಂಟುಮೂಟೆ ಕಟ್ಟಿ ಹೋಗಬಹುದಿತ್ತು. ಇದ್ದ ಮೇಲೆ ನಮ್ಮ ತಪ್ಪನ್ನು ಮನವರಿಕೆ ಮಾಡು, ಇಲ್ಲಾ ಪಾಲಿಸು. ಹೀಗೆ ಸಾಗಿತ್ತು ಅವನ ವಾದ.

ಹಾಗಂತ ಅವನೇನು ತಲೆ ಅಲ್ಲಾಡಿಸುವ ಬಸವಣ್ಣನಲ್ಲ. ಮೂವತ್ತು ಮಂದಿ ನಿರಂಕುಶರು ಲಿಯೋನ್ ಎಂಬ ನಿರಪರಾಧಿಯನ್ನು ಹಿಡಿದು ತರಲು ಹೇಳಿದಾಗ ಅವನು ಸೀದಾ ಮನೆಗೆ ನಡೆದಿದ್ದ. ಅನ್ಯಾಯ ಮಾಡು ಅಂದರೆ ಮಾಡುವುದಿಲ್ಲ, ಶಿಕ್ಷೆ ಕೊಟ್ಟರೆ ತಪ್ಪಿಸಿಕೊಳ್ಳುವುದಿಲ್ಲ. ಇದು ಅವನ ನಿಲುವು.

ಗಾಂಧೀಜಿ 1908ರಲ್ಲಿ ಸಾಕ್ರೆಟಿಸನ ವಿಚಾರಣೆಯ ಕಥೆಯನ್ನು ಗುಜರಾತಿಗೆ ತಂದರು. ಅವನನ್ನು 'ಸತ್ಯವೀರ' ಎಂದು ಕರೆದರು. ಬ್ರಿಟಿಷ್ ಸರ್ಕಾರ 1910ರಲ್ಲಿ ಆ ಪುಸ್ತಕವನ್ನು ನಿಷೇಧಿಸಿತು!

ಗಾಂಧೀಜಿಯ ದಾರಿ ನಮ್ಮ ಸೀಮೆಗೂ ಬಂತು. 1997ರವರೆಗೆ ನಮ್ಮ ಜಗಳೂರು ತಾಲೂಕು ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಅದೇ ಜಿಲ್ಲೆಯ ತುರುವನೂರಿನಲ್ಲಿ 1939ರಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಜನ ಹೆಂಡದ ಈಚಲು ಮರಗಳನ್ನು ಕಡಿದರು. ಕದ್ದುಮುಚ್ಚಿ ಅಲ್ಲ, ಹಾಡಹಗಲೇ. ಜೈಲಿಗೂ ಹೋದರು.

ಇಲ್ಲೊಂದು ವ್ಯತ್ಯಾಸವಿದೆ. ಸಾಕ್ರೆಟಿಸನ ಊರಿನಲ್ಲಿ ನಾಗರಿಕರೇ ಸಭೆ ಸೇರಿ ತೀರ್ಮಾನಿಸುತ್ತಿದ್ದರು. ಮೈಸೂರು ಸಂಸ್ಥಾನದ ರೈತನಿಗೆ ಆ ಅಧಿಕಾರ ಇರಲಿಲ್ಲ. ಜವಾಬ್ದಾರಿ ಸರ್ಕಾರ ಬೇಕು ಅನ್ನೋದೇ ಅಂದಿನ ಬೇಡಿಕೆ. ಮಾತು ಕೇಳದ ರಾಜ್ಯಕ್ಕೆ ಮನವರಿಕೆ ಮಾಡಲು ಅವರು ಕಾನೂನು ಮುರಿದರು, ಆದರೆ ಬೆನ್ನು ತೋರಿಸಲಿಲ್ಲ.

ನಮಗೆ ಇವತ್ತು ಓಟಿದೆ, ಗ್ರಾಮಸಭೆಯಿದೆ, ಮಾಹಿತಿ ಹಕ್ಕಿದೆ. ಹಾಗಾಗಿ ಸಾಕ್ರೆಟಿಸನ ಲೆಕ್ಕ ನಮಗೆ ಇನ್ನೂ ಬಿಗಿಯಾಗಿ ಹಿಡಿಯುತ್ತೆ. ನಾನು ಓದಿದ್ದು ಸರ್ಕಾರಿ ಶಾಲೆಯಲ್ಲಿ, ಓಡಾಡಿದ್ದು ಕೆಂಪು ಬಸ್ಸಿನ ವಿದ್ಯಾರ್ಥಿ ಪಾಸಿನಲ್ಲಿ. ಈಗ ಸಂಬಳ ಬರುವಾಗ ಸುಳ್ಳು ಬಾಡಿಗೆ ರಸೀದಿ ಕೊಟ್ಟು ತೆರಿಗೆ ಉಳಿಸು ಅಂತ ಬುದ್ಧಿ ಹೇಳುವವರಿಗೇನೂ ಕೊರತೆಯಿಲ್ಲ. ವಿದೇಶಕ್ಕೆ ಹೋಗುವ ಗೆಳೆಯರನ್ನು ನಾನು ದೂರುವುದಿಲ್ಲ. ಬೇಡದವನು ಹೋಗಬಹುದು ಅಂತ ಆ ಕಾನೂನೇ ಹೇಳಿದೆಯಲ್ಲ! ಆದರೆ ಇಲ್ಲೇ ಇದ್ದು, ಎಲ್ಲವನ್ನೂ ಪಡೆದು, ಕೊಡುವ ಹೊತ್ತಿಗೆ ಹಿಂಬಾಗಿಲು ಹುಡುಕುವುದಿದೆ ನೋಡಿ, ಅದೇ ಕ್ರಿಟೋ ತೋರಿಸಿದ ದಾರಿ.

ರಸ್ತೆ ಸರಿಯಿಲ್ಲವೇ? ಗ್ರಾಮಸಭೆಯಲ್ಲಿ ಎದ್ದು ಕೇಳೋಣ. ಓಟಿನ ದಿನ ಬಸ್ಸು ಹತ್ತಿ ಊರಿಗೆ ಹೋಗೋಣ. ಸಾಕ್ರೆಟಿಸ್ ಪ್ರಾಣ ಕೊಟ್ಟ. ನಮ್ಮಿಂದ ಕೇಳುತ್ತಿರುವುದು ಒಂದು ದಿನದ ರಜೆ ಅಷ್ಟೇ.