ನಿಮಗಿದು ಗೊತ್ತೆ? ಒಂದೇ ಬಂಗುಡೆ, ಮೂರು ಕಪಾಟು!

ಬಂಗುಡೆ ಮೀನು ನೀರಿನಲ್ಲಿದ್ದರೆ 597. ಬಲೆಗೆ ಬಿದ್ದರೆ 639.2. ಬಾಣಲೆಗೆ ಬಿದ್ದರೆ 641!

ಇದು ಓಸಿ ನಂಬರಲ್ಲ. ಗ್ರಂಥಾಲಯಗಳ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಮೀನಿನ ಪುಸ್ತಕಗಳಿಗೆ ಸಿಗುವ ಸಂಖ್ಯೆಗಳು: ಪ್ರಾಣಿಶಾಸ್ತ್ರಕ್ಕೊಂದು, ಮೀನುಗಾರಿಕೆಗೊಂದು, ಅಡುಗೆಗೊಂದು. ಕಡಲಿನ ಅಲೆ, ಉಬ್ಬರವಿಳಿತದ ಪುಸ್ತಕ ಬೇಕೆಂದರೆ ಭೂವಿಜ್ಞಾನದ ಸಾಲಿಗೆ ಹೋಗಬೇಕು, ಅದು 551.46. ಚಿಪ್ಪುಜೀವಿಗಳದು 594. ತಿಮಿಂಗಿಲವಂತೂ ಮೀನಿನ ಪಕ್ಕ ಕೂರುವುದೇ ಇಲ್ಲ. ಅದು ಸಸ್ತನಿ ನೋಡಿ, ಆನೆ, ಹುಲಿಗಳ ಬಳಗಕ್ಕೆ ಸೇರುತ್ತದೆ; ಅದರ ಸಂಖ್ಯೆ 599.5. ಕಡಲ ವಿಜ್ಞಾನದ ಗ್ರಂಥಪಾಲಕರಿಗೆ ಈ ಚದುರಿದ ಕಡಲೆಲ್ಲ ಬಾಯಿಪಾಠವಿರಬೇಕು.

ಗೋಕಾಕ, ಮೂಡಲಗಿ, ಹುಕ್ಕೇರಿಯವರಿಗೆ ಈ ಕಡಲ ವಿಜ್ಞಾನ ದೂರದ ಮಾತೇನಲ್ಲ. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಗುವವರೆಗೆ ಈ ಭಾಗದ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅದರ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಧಾರವಾಡದಲ್ಲಲ್ಲ, ಕಾರವಾರದ ಕೋಡಿಬಾಗದಲ್ಲಿ. ಕಾಳಿ ನದಿ ಸಮುದ್ರ ಸೇರುವುದು ಅಲ್ಲೇ ಹತ್ತಿರ. ನಮ್ಮ ಘಟಪ್ರಭೆ ಮಾತ್ರ ಹತ್ತಿರದ ಅರಬ್ಬಿ ಸಮುದ್ರ ಬಿಟ್ಟು, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಯವರೆಗೆ ಹೋಗುತ್ತಾಳೆ.