ರಾಜಧಾನಿಗಿಂತ ಹಿರಿಯ ನಡುಗಡ್ಡೆ

ಬೆಂಗಳೂರಿನ ಬನಶಂಕರಿ ಬಳಿಯ ಕತ್ತರಿಗುಪ್ಪೆಯಲ್ಲಿರುವ ಪೂರ್ಣಪ್ರಜ್ಞ ವಿದ್ಯಾಪೀಠವನ್ನು 1956ರಲ್ಲಿ ಸ್ಥಾಪಿಸಿದವರು ಪೇಜಾವರ ಮಠದ ವಿಶ್ವೇಶತೀರ್ಥರು. 2019ರ ಡಿಸೆಂಬರ್ 29ರಂದು ಅವರು ಉಡುಪಿಯಲ್ಲಿ ಕೊನೆಯುಸಿರೆಳೆದರು. ಅಂದೇ ಬೆಂಗಳೂರಿನ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಅಂತಿಮ ದರ್ಶನಕ್ಕೆ ಜನ ನೆರೆದರು. ಆಮೇಲೆ ಅದೇ ವಿದ್ಯಾಪೀಠದ ಆವರಣದಲ್ಲಿ ಅವರನ್ನು ಬೃಂದಾವನಸ್ಥರನ್ನಾಗಿಸಲಾಯಿತು. ಮಾಧ್ವ ಯತಿಗಳ ಈ ಪದ್ಧತಿಯ ಅತಿ ಹಳೆಯ ನೆಲೆಗಳಲ್ಲೊಂದು ಇಲ್ಲಿಂದ ಬಲು ದೂರ, ತುಂಗಭದ್ರೆಯ ನಡುವಿನ ಬಂಡೆಗಲ್ಲುಗಳ ನಡುಗಡ್ಡೆಯಲ್ಲಿದೆ.

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ದೋಣಿ ಹತ್ತಿದರೆ ಸಿಗುವ ನವಬೃಂದಾವನವಿದು. ಸನ್ಯಾಸ ತೆಗೆದುಕೊಳ್ಳುವಾಗಲೇ ಯತಿ ಅಗ್ನಿಕಾರ್ಯವನ್ನು ಬಿಟ್ಟಿರುತ್ತಾರೆ. ಹಾಗಾಗಿ ಅವರ ದೇಹಕ್ಕೆ ದಹನವಿಲ್ಲ. ಪದ್ಮಾಸನದಲ್ಲಿ ಕೂರಿಸಿ, ಉಪ್ಪು, ಕರ್ಪೂರ ತುಂಬಿ ಗುಂಡಿ ಮುಚ್ಚುತ್ತಾರೆ. ಮೇಲೆ ಕಲ್ಲಿನ ಬೃಂದಾವನ ಕಟ್ಟಿ ತುಳಸಿ ನೆಡುತ್ತಾರೆ.

ಇಲ್ಲಿಗೆ ಮೊದಲು ಬಂದವರು ಪದ್ಮನಾಭತೀರ್ಥರು. ಪೂರ್ವಾಶ್ರಮದಲ್ಲಿ ಶೋಭನಭಟ್ಟರೆಂಬ ಪಂಡಿತರಾಗಿದ್ದ ಅವರು ಮಧ್ವಾಚಾರ್ಯರೊಂದಿಗೆ ವಾದಕ್ಕಿಳಿದು, ಸೋತು, ಅವರಿಗೇ ಶಿಷ್ಯರಾದರು ಎನ್ನುತ್ತದೆ ಸಂಪ್ರದಾಯ. ಅವರು ಬೃಂದಾವನಸ್ಥರಾದದ್ದು 1324ರಲ್ಲಿ. ಆಗಿನ್ನೂ ವಿಜಯನಗರ ಹುಟ್ಟಿರಲಿಲ್ಲ. ಇತಿಹಾಸದ ಪುಸ್ತಕಗಳು ಅದರ ಸ್ಥಾಪನೆಗೆ ಕೊಡುವ ವರ್ಷ 1336. ಅಂದರೆ ಹೊಳೆಯಾಚೆ ರಾಜಧಾನಿ ಏಳುವುದಕ್ಕೆ 12 ವರ್ಷ ಮೊದಲೇ ಈ ನಡುಗಡ್ಡೆ ಒಬ್ಬ ಗುರುವಿನ ನೆಲೆಯಾಗಿತ್ತು. ಕವೀಂದ್ರತೀರ್ಥರು, ವಾಗೀಶತೀರ್ಥರು ಆ ಗುರುವಿನ ಸನ್ನಿಧಿಯನ್ನೇ ಅರಸಿಕೊಂಡು ಬಂದರು.

ರಾಜಧಾನಿಯ ವೈಭವದ ಕಾಲಕ್ಕೆ ಸೇರಿದ್ದು ವ್ಯಾಸರಾಜರ ಬೃಂದಾವನ. ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾಗಿದ್ದ, ಪುರಂದರದಾಸರಿಗೂ ಕನಕದಾಸರಿಗೂ ಗುರುಗಳೆನಿಸಿದ ಅವರು ರಾಯ ತೀರಿಕೊಂಡ ಹತ್ತು ವರ್ಷಗಳ ಮೇಲೆ, 1539ರಲ್ಲಿ, ಇಲ್ಲಿ ನೆಲೆಯಾದರು. 1565ರ ಯುದ್ಧದಲ್ಲಿ ವಿಜಯನಗರ ಸೋತಿತು. ಪಟ್ಟಣ ಹಾಳಾಯಿತು, ಅರಸರು ಪೆನುಗೊಂಡೆಗೆ ಹೋದರು. ಆಶ್ರಯ ಕೊಟ್ಟ ದೊರೆಗಳೇ ಇಲ್ಲದ ಮೇಲೆ ನಡುಗಡ್ಡೆಯೂ ಬರಿದಾಗಬೇಕಿತ್ತು. ಹಾಗಾಗಲಿಲ್ಲ. ಮಂತ್ರಾಲಯದ ರಾಘವೇಂದ್ರಸ್ವಾಮಿಗಳ ಗುರು ಸುಧೀಂದ್ರತೀರ್ಥರು 1623ರಲ್ಲಿ, ಪಟ್ಟಣ ಬಿದ್ದು 58 ವರ್ಷಗಳಾದ ಮೇಲೆ, ಇಲ್ಲಿಯೇ ಬೃಂದಾವನಸ್ಥರಾದರು. ಶ್ರೀನಿವಾಸತೀರ್ಥರು, ರಾಮತೀರ್ಥರು, ರಘುವರ್ಯತೀರ್ಥರು, ಗೋವಿಂದ ಒಡೆಯರು ಸೇರಿ ಒಟ್ಟು ಒಂಬತ್ತು ಎಂಬುದು ರೂಢಿಯಲ್ಲಿರುವ ಎಣಿಕೆ. ಇವುಗಳಲ್ಲಿ ಒಂದು ರಘುವರ್ಯರದೋ ಜಯತೀರ್ಥರದೋ ಎಂಬ ಚರ್ಚೆ ಇನ್ನೂ ನಡೆದಿದೆ. ಆರಾಧನೆಯ ಹಕ್ಕಿಗಾಗಿ ಮಠಗಳು ಕೋರ್ಟು ಹತ್ತಿದ್ದೂ ಉಂಟು.

ಸುತ್ತಲೂ ನೀರಿದ್ದರೂ ಈ ಜಾಗ ಕಳ್ಳರಿಂದ ಪಾರಾಗಲಿಲ್ಲ. 2019ರ ಜುಲೈನಲ್ಲಿ ನಿಧಿಯಾಸೆಗೆ ಬಿದ್ದವರು ರಾತ್ರೋರಾತ್ರಿ ವ್ಯಾಸರಾಜರ ಬೃಂದಾವನವನ್ನು ಕೆಡವಿ ಅಗೆದರು. ಸುದ್ದಿ ತಿಳಿದು ಯತಿಗಳೂ ಭಕ್ತರೂ ಧಾವಿಸಿದರು. ಕೆಲವೇ ದಿನಗಳಲ್ಲಿ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟೆಯ ಗೇಟು ತೆರೆದರೆ ಮಾತ್ರ ದೋಣಿ ನಿಲ್ಲುತ್ತದೆ, ಪೂಜೆಗೂ ತೊಡಕಾಗುತ್ತದೆ.

ಅರಮನೆಯನ್ನೇ ನೆಚ್ಚಿಕೊಂಡಿದ್ದರೆ ಈ ಸ್ಥಳ ಹಂಪಿಯ ಬಜಾರುಗಳಂತೆ ಪಾಳುಬೀಳುತ್ತಿತ್ತು. ಇದನ್ನು ಉಳಿಸಿದ್ದು ಮಠ ಮತ್ತು ತಿಥಿ. ಮಠಕ್ಕೆ ಒಂದೇ ಊರೆಂಬುದಿಲ್ಲ, ಸಂಚಾರವೇ ಅದರ ಬದುಕು. ಗುರು ಎಲ್ಲಿದ್ದರೂ ಪೂರ್ವಗುರುಗಳ ಆರಾಧನೆ ತಪ್ಪಿಸುವಂತಿಲ್ಲ. ಮಂತ್ರಾಲಯದ ಮೃತ್ತಿಕೆ ತಂದು ಬೃಂದಾವನ ಪ್ರತಿಷ್ಠಾಪಿಸುವ ರೂಢಿಯಿಂದ ರಾಘವೇಂದ್ರಸ್ವಾಮಿಗಳ ಮಠಗಳು ಬೆಂಗಳೂರಿನ ಬಡಾವಣೆಗಳಿಗೂ ಹಬ್ಬಿದವು. ಜಯನಗರ ಐದನೇ ಬ್ಲಾಕಿನ ಮಠದಲ್ಲಿ ಗುರುವಾರ ಸಾಲು ನಿಲ್ಲುವವರಿಗೆ ಇದನ್ನು ಹೇಳಬೇಕಿಲ್ಲ. ಆರಾಧನೆಯ ತಿಥಿಗಳಲ್ಲಿ ಕಾರ್ತಿಕ ಬಹುಳ ಚತುರ್ದಶಿ ಪದ್ಮನಾಭತೀರ್ಥರದು, ಫಾಲ್ಗುಣ ಬಹುಳ ದ್ವಿತೀಯಾ ಸುಧೀಂದ್ರರದು, ಚತುರ್ಥಿ ವ್ಯಾಸರಾಜರದು. ಕೃಷ್ಣದೇವರಾಯನ ಪಟ್ಟಾಭಿಷೇಕದ ದಿನವನ್ನು ನೆನಪಿಟ್ಟುಕೊಂಡ ಮನೆಗಳು ಎಷ್ಟಿವೆಯೋ! ಅವನ ಕಾಲದ ಯತಿಯ ತಿಥಿಯನ್ನಂತೂ ದಕ್ಷಿಣ ಬೆಂಗಳೂರಿನ ಎಷ್ಟೋ ಅಡುಗೆಮನೆಗಳು ವರ್ಷವರ್ಷವೂ ಪಂಚಾಂಗ ತೆಗೆದು ನೋಡುತ್ತವೆ.