ಯುಕಾನ್ ಕಣಿವೆಯ ಹಳೆಯ ನಕ್ಷೆಗಳು: ಗಡಿ, ಗಣಿ, ಹೆಸರು

ಕೆನಡಾದ ವಾಯವ್ಯ ಮೂಲೆಯಿಂದ ಅಲಾಸ್ಕದೊಳಕ್ಕೆ ಹರಿಯುವ ಯುಕಾನ್ ನದಿಯ ಹಳೆಯ ಸ್ಥಳಾಕೃತಿ ನಕ್ಷೆಗಳನ್ನು ಭೂವಿವರಣೆಯ ದಾಖಲೆಗಳೆಂದಷ್ಟೇ ಓದುವುದು ರೂಢಿ. ವಾಸ್ತವವಾಗಿ ಅವು ಒಡೆತನದ ಪತ್ರಗಳೂ ಹೌದು.

1825ರ ಒಪ್ಪಂದದಂತೆ ರಷ್ಯ ಮತ್ತು ಬ್ರಿಟನ್ನುಗಳ ನಡುವಿನ ಗಡಿ 141ನೆಯ ಪಶ್ಚಿಮ ರೇಖಾಂಶವೆಂದು ನಿಶ್ಚಯವಾಗಿತ್ತು. 1867ರಲ್ಲಿ ಅಲಾಸ್ಕ ಅಮೆರಿಕದ ವಶಕ್ಕೆ ಬಂದರೂ ಈ ಗೆರೆ ನೆಲದ ಮೇಲೆ ಮೂಡಿರಲಿಲ್ಲ.  1886ರಲ್ಲಿ ಯುಕಾನಿನ ಉಪನದಿಯಾದ ಫಾರ್ಟಿಮೈಲ್‌ನಲ್ಲಿ ಚಿನ್ನ ದೊರೆತೊಡನೆ ಅದು ಯಾರ ನೆಲದ್ದೆಂಬ ಪ್ರಶ್ನೆ ಎದ್ದಿತು. ಮರುವರ್ಷ ಕೆನಡಾ ಸರ್ಕಾರ ಕಳುಹಿಸಿದ ಮೋಜಣಿದಾರ ವಿಲಿಯಂ ಓಗಿಲ್ವಿ, ಗಡಿಯ ಸಮೀಪದಲ್ಲಿಯೇ ಚಳಿಗಾಲ ಕಳೆದು, ಚಂದ್ರನ ಚಲನೆಯನ್ನು ವೀಕ್ಷಿಸಿ ರೇಖಾಂಶವನ್ನು ಗಣಿಸಿದ. ನದೀಮುಖ ಕೆನಡಾಕ್ಕೂ, ಚಿನ್ನವಿದ್ದ ಮೇಲ್ಕಣಿವೆಯ ಬಹುಭಾಗ ಅಮೆರಿಕಕ್ಕೂ ಸೇರುವುದೆಂಬುದು ಇದರಿಂದ ತಿಳಿಯಿತು.

1896ರ ಆಗಸ್ಟಿನಲ್ಲಿ ಕ್ಲಾಂಡೈಕ್‌ನ ಬೊನಾಂಜಾ ಹಳ್ಳದಲ್ಲಿ ಚಿನ್ನ ಕಂಡಾಗ ಗಣಿಗರು ಅವಸರದಲ್ಲಿ ಗೂಟ ನೆಟ್ಟಿದ್ದರು. ಒಬ್ಬೊಬ್ಬರ ಪಾಲು ಹಳ್ಳದ ಉದ್ದಕ್ಕೆ 500 ಅಡಿ. ಓಗಿಲ್ವಿಯೇ ಅಳೆದು ನೋಡಿದಾಗ ಕೆಲವು ಪಾಲುಗಳ ನಡುವೆ ತುಂಡು ನೆಲ ಹೆಚ್ಚಾಗಿ ಉಳಿಯಿತು. ಅಂಥ 86 ಅಡಿಯ ಒಂದು ತುಂಡನ್ನು ಮೋಜಣಿಯ ಸಹಾಯಕನಾಗಿದ್ದ ಡಿಕ್ ಲೋ ಪಡೆದ. ಅದು ಇಡೀ ಕಣಿವೆಯ ಅತ್ಯಂತ ಸಮೃದ್ಧ ನೆಲಗಳಲ್ಲಿ ಒಂದಾಯಿತು.

1898ರಲ್ಲಿ ಇ. ಸಿ. ಬರ್ನಾರ್ಡ್ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಗಾಗಿ ಫಾರ್ಟಿಮೈಲ್ ಹಾಳೆಯ ಮೋಜಣಿ ನಡೆಸಿದ. ಅದರ ಪ್ರಮಾಣ 1:2,50,000. ಈ ಪ್ರಮಾಣದಲ್ಲಿ 500 ಅಡಿಯ ಪಾಲು ಸುಮಾರು 0.6 ಮಿಲಿಮೀಟರ್ ಮಾತ್ರ! ಆದ್ದರಿಂದ ಗಣಿಯ ವ್ಯಾಜ್ಯಗಳನ್ನು ಅರಿಯಲು ಇಂಥ ಹಾಳೆ ಸಾಲದು. ಪಾಲುಗಳ ದೊಡ್ಡ ಪ್ರಮಾಣದ ಮೋಜಣಿ ಪಟಗಳನ್ನು ಜೊತೆಗಿಟ್ಟು ಓದಬೇಕು. ಗ್ರಂಥಾಲಯಗಳು ಇವೆರಡನ್ನೂ ಬೇರೆ ಬೇರೆ ವರ್ಗಗಳಲ್ಲಿ ಇರಿಸಿದರೆ ಸಂಶೋಧಕನಿಗೆ ತೊಡಕು.

ಇನ್ನು ಹೆಸರುಗಳ ವಿಚಾರ. ‘ಕ್ಲಾಂಡೈಕ್’ ಎಂಬುದು ಸ್ಥಳೀಯ ಹಾನ್ ಜನರ ‘ಟ್ರಾಂಡೆಕ್’ ಎಂಬ ನದೀನಾಮದ ಅಪಭ್ರಂಶ. ಆ ನದೀಮುಖದಲ್ಲಿದ್ದ ಅವರ ಮೀನುಗಾರಿಕೆಯ ನೆಲೆಯನ್ನು ಗಣಿಗರು ಆಕ್ರಮಿಸಿದ್ದರಿಂದ 1897ರಲ್ಲಿ ಮುಖಂಡ ಐಸಾಕ್ ತನ್ನ ಜನರನ್ನು ಮೂಸ್‌ಹೈಡ್‌ಗೆ ಕರೆದೊಯ್ದ. ಗಣಿಗರ ಹೆಸರುಗಳೇ ನಕ್ಷೆಗಳನ್ನು ತುಂಬಿದವು. 2023ರಲ್ಲಿ ಈ ಪ್ರದೇಶ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ‘ಟ್ರಾಂಡೆಕ್–ಕ್ಲಾಂಡೈಕ್’ ಎಂದು ಎರಡೂ ಹೆಸರುಗಳು ದಾಖಲಾದವು. ಅಷ್ಟರೊಳಗೆ, ದಶಕಗಳ ಕಾಲ ಹೂಳೆತ್ತಿದ ಬೃಹತ್ ಯಂತ್ರಗಳು ಕಣಿವೆಯ ತಳವನ್ನು ಮಗುಚಿ ಕಲ್ಲುರಾಶಿಗಳನ್ನು ಬಿಟ್ಟುಹೋಗಿದ್ದವು. ಬೊನಾಂಜಾ ಹಳ್ಳದ ಮೂಲ ಹರಿವನ್ನು ಈಗ ಆ ಹಳೆಯ ಪಟಗಳಲ್ಲೇ ಹುಡುಕಬೇಕು.